ಬ್ಯನ್, ಮ್ನಾ, ಬನ್: ಐರಿಷ್ ಹೆಣ್ಣಿನ ಮೂರು ರೂಪ

ಐರ್ಲೆಂಡಿನ ದಕ್ಷಿಣಕ್ಕೆ ಟಿಪ್ಪರೇರಿ ಎಂಬ ಕೌಂಟಿಯಿದೆ. ಅಲ್ಲಿನ ಹಸಿರು ಬಯಲಿನಲ್ಲಿ 721 ಮೀಟರ್ ಎತ್ತರದ ಒಂದು ಬೆಟ್ಟ ಎದ್ದು ಕಾಣುತ್ತದೆ. ಇಂಗ್ಲಿಷ್ ನಕ್ಷೆಗಳಲ್ಲಿ ಅದರ ಹೆಸರು ಸ್ಲೀವ್‌ನಮನ್. ಕೊನೆಯಲ್ಲಿ 'ಮನ್' ಎಂದಿರುವುದರಿಂದ ಇಂಗ್ಲಿಷ್ ಬಲ್ಲವರು ಇದು ಯಾವುದೋ ಗಂಡಸಿನ ಹೆಸರಿರಬೇಕು ಎಂದುಕೊಂಡರೆ ಆಶ್ಚರ್ಯವಿಲ್ಲ. ಐರಿಷ್‌ನಲ್ಲಿ ಅದರ ಅರ್ಥ 'ಹೆಂಗಸರ ಬೆಟ್ಟ'. ಐತಿಹ್ಯದ ಪ್ರಕಾರ ಫಿಯನ್ ಮಕೂಲ್ ಎಂಬ ವೀರ ಈ ಬೆಟ್ಟದ ನೆತ್ತಿಯಲ್ಲಿ ಕುಳಿತು, ಮೊದಲು ಓಡಿ ಮೇಲೆ ಬಂದವಳನ್ನೇ ಮದುವೆಯಾಗುತ್ತೇನೆ ಎಂದು ಸಾರಿದನಂತೆ. ಅವನ ಮನಸ್ಸು ಮಾತ್ರ ಆಗಲೇ ಗ್ರಾನ್ಯಾ ಎಂಬವಳ ಮೇಲಿತ್ತು. ಹಾಗಾಗಿ ಅವಳೇ ಗೆಲ್ಲುವಂತೆ ಒಳಗಿಂದೊಳಗೇ ಏರ್ಪಾಡು ಮಾಡಿಕೊಂಡಿದ್ದನಂತೆ. ಸ್ವಯಂವರ ಇಲ್ಲಿ ತಲೆಕೆಳಗಾಗಿದೆ. ವಂಚನೆ ಮಾತ್ರ ನಮಗೂ ಪರಿಚಿತವೇ.

ಬೆಟ್ಟದ ಹೆಸರಿನಲ್ಲಿ ಅಡಗಿರುವ ಹೆಂಗಸೆಂಬ ಪದದ ಇನ್ನೊಂದು ರೂಪ ಡಬ್ಲಿನ್‌ನ ಪಬ್ಬುಗಳ ಹಿಂಭಾಗದಲ್ಲಿ ಪ್ರವಾಸಿಗರನ್ನು ಪೇಚಿಗೆ ಸಿಲುಕಿಸುತ್ತದೆ. ಶೌಚಾಲಯದ ಒಂದು ಬಾಗಿಲಿನ ಮೇಲೆ 'ಮ್ನಾ' ಎಂದಿರುತ್ತದೆ, ಇನ್ನೊಂದರ ಮೇಲೆ 'ಫಿರ್'. ಮ್ನಾ ಪದದಲ್ಲಿರುವ ರೋಮನ್ ಅಕ್ಷರಗಳು ಎಂ, ಎನ್, ಎ. ಅವಸರದಲ್ಲಿರುವ ಕಣ್ಣು ಅವನ್ನು ಹಿಂದುಮುಂದು ಜೋಡಿಸಿ 'ಮ್ಯಾನ್' ಎಂದು ಓದಿಬಿಡುತ್ತದೆ, ಕೈ ಬಾಗಿಲು ತಳ್ಳಿಬಿಡುತ್ತದೆ. ಆದರೆ ಮ್ನಾ ಎಂದರೆ ಹೆಂಗಸರು. ಫಿರ್ ಎಂದರೆ ಗಂಡಸರು. ಈ ಫಿರ್ ನಮಗೆ ದೂರದವನೇನಲ್ಲ. ಅದರ ಏಕವಚನ 'ಫ್ಯರ್', ಲ್ಯಾಟಿನ್ನಿನ 'ವಿರ್' ಮತ್ತು ಸಂಸ್ಕೃತದ 'ವೀರ' ಒಂದೇ ಮನೆತನದವು. ಪದದ ಆದಿಯಲ್ಲಿದ್ದ ವಕಾರ ಐರಿಷ್‌ನಲ್ಲಿ ಫಕಾರವಾಯಿತು, ಅಷ್ಟೇ.

ಹೆಣ್ಣಿನ ಕಥೆ ಇಷ್ಟು ಸಲೀಸಲ್ಲ. 'ಹೆಂಗಸು' ಎಂಬುದಕ್ಕೆ ಐರಿಷ್ ಪದ 'ಬ್ಯನ್'. ಬರೆದಾಗ ಅದು ಇಂಗ್ಲಿಷಿನ ಬೀನ್ಸ್ ಕಾಳಿನ ಏಕವಚನದಂತೆಯೇ ಕಾಣುತ್ತದೆ, ಬಿ, ಇ, ಎ, ಎನ್. ಅದರಲ್ಲಿನ 'ಇ' ಅಕ್ಷರಕ್ಕೆ ಸ್ವಂತ ಉಚ್ಚಾರಣೆಯಿಲ್ಲ. ಪಕ್ಕದ ಬಕಾರವನ್ನು ಯಕಾರದ ಛಾಯೆಯೊಂದಿಗೆ ನುಡಿಯಬೇಕು ಎಂದು ತೋರಿಸುವುದಷ್ಟೇ ಅದರ ಕೆಲಸ. 'ಹೆಂಗಸಿನ' ಎಂದು ಷಷ್ಠೀ ವಿಭಕ್ತಿಯಲ್ಲಿ ಹೇಳಬೇಕಾದರೆ ಬ್ಯನ್ ಮಾಯವಾಗಿ 'ಮ್ನಾ' ಬರುತ್ತದೆ. 'ಹೆಂಗಸರು' ಎಂಬ ಬಹುವಚನವೂ ಮ್ನಾ. 'ಹೆಂಗಸರ' ಎನ್ನಲು ಹೊರಟರೆ ಮ್ನಾ ಕೂಡ ಕೈಕೊಟ್ಟು 'ಬನ್' ಬರುತ್ತದೆ. ಹಳೆಯ ಬರಹಗಳಲ್ಲಿ ಚತುರ್ಥಿಯ 'ಮ್ನೀ' ಎಂಬ ಇನ್ನೊಂದು ರೂಪ ಸಿಗುತ್ತದೆ. 1958ರಲ್ಲಿ ಪ್ರಕಟವಾದ ಅಧಿಕೃತ ಪ್ರಮಾಣ ವ್ಯಾಕರಣ ಅದನ್ನು ದಿನಬಳಕೆಯ ಪಟ್ಟಿಯಿಂದ ಕೈಬಿಟ್ಟದ್ದು ಶಾಲೆಯ ಮಕ್ಕಳಿಗೆ ಆದ ದೊಡ್ಡ ಉಪಕಾರ.

ಪಠ್ಯಪುಸ್ತಕಗಳು ಈ ಪದಕ್ಕೆ 'ಅನಿಯಮಿತ ನಾಮಪದ' ಎಂಬ ಚೀಟಿ ಅಂಟಿಸಿ ಮುಂದೆ ಹೋಗುತ್ತವೆ. ಚೀಟಿ ತಪ್ಪೇನಲ್ಲ, ಆದರೆ ಅದರಿಂದ ಪದಕ್ಕೆ ಅನ್ಯಾಯವಾಗಿದೆ. ನಿಯಮ ಮುರಿದಂತೆ ಕಾಣುವ ಈ ರೂಪಗಳೆಲ್ಲ ಐದಾರು ಸಾವಿರ ವರ್ಷಗಳ ಹಿಂದಿನ ನಿಯಮಗಳನ್ನು ಒಂದಿಷ್ಟೂ ತಪ್ಪದೆ ಪಾಲಿಸಿದ ಫಲ. ಹೊಸ ನಿಯಮಗಳು ಬಂದಾಗ ಉಳಿದ ಪದಗಳು ಹೊಂದಿಕೊಂಡವು. ದಿನಕ್ಕೆ ನೂರು ಸಲ ಬಾಯಿಗೆ ಬರುವ ಈ ಪದ ಮಾತ್ರ ಹಳೆಯ ಜಾಡನ್ನು ಬಿಡಲಿಲ್ಲ.

ಇದನ್ನು ತಿಳಿಯಲು ಇಂಡೋ-ಯುರೋಪಿಯನ್ ಮೂಲಭಾಷೆಗೆ ಹೋಗಬೇಕು. ಆ ಭಾಷೆಯಲ್ಲಿ ಬರೆದ ಒಂದು ಸಾಲೂ ಉಳಿದಿಲ್ಲ. ಮಕ್ಕಳು ಮೊಮ್ಮಕ್ಕಳಾದ ಭಾಷೆಗಳನ್ನು ಹೋಲಿಸಿ ವಿದ್ವಾಂಸರು ಅದರ ಪದಗಳನ್ನು ಮರಳಿ ಕಟ್ಟಿದ್ದಾರೆ. 'ಹೆಂಗಸು' ಎಂಬ ಅರ್ಥದ ಪದ ಅಲ್ಲಿ ಸುಮಾರಾಗಿ 'ಗ್ವೆನ್' ಎಂದಿತ್ತು. ಮೊದಲ ವ್ಯಂಜನ ಗಕಾರವೇ, ಆದರೆ ತುಟಿಗಳನ್ನು ದುಂಡಗೆ ಮಾಡಿ ನುಡಿಯುವಂಥದ್ದು. ಈ ದುಂಡು ಗಕಾರ ಒಂದೊಂದು ಭಾಷಾಶಾಖೆಯಲ್ಲಿ ಒಂದೊಂದು ದಾರಿ ಹಿಡಿಯಿತು. ಗ್ರೀಕ್‌ನಲ್ಲಿ ಪದ 'ಗುನೇ' ಆಯಿತು, ಪರ್ಷಿಯನ್‌ನಲ್ಲಿ 'ಜನ್', ರಷ್ಯನ್ ಮೊದಲಾದ ಸ್ಲಾವ್ ಭಾಷೆಗಳಲ್ಲಿ 'ಝೆನಾ', ಹಳೆಯ ಇಂಗ್ಲಿಷಿನಲ್ಲಿ 'ಕ್ವೇನ್'. ಕೆಲ್ಟಿಕ್ ಶಾಖೆಯಲ್ಲಿ ತುಟಿಯೇ ಗೆದ್ದಿತು, ಗಕಾರ ಪೂರ್ತಿ ಬಕಾರವಾಯಿತು. ಐರಿಷ್ ಆ ಶಾಖೆಯ ಭಾಷೆ. ಆದ್ದರಿಂದ ಪ್ರಾಚೀನ ಐರಿಷ್‌ನಲ್ಲಿ 'ಬೆನ್', ಈಗಿನ ಐರಿಷ್‌ನಲ್ಲಿ 'ಬ್ಯನ್'.

ಈ ಬದಲಾವಣೆ ಒಂದೇ ಪದಕ್ಕೆ ಸೀಮಿತವಾಗಿದ್ದರೆ ಕಾಕತಾಳೀಯ ಎನ್ನಬಹುದಿತ್ತು. ಸಂಸ್ಕೃತದ 'ಗೋ' ಐರಿಷ್‌ನಲ್ಲಿ 'ಬೋ', ಎಂದರೆ ಹಸು. ಸಂಸ್ಕೃತದ 'ಜೀವ' ಅಲ್ಲಿ 'ಬ್ಯೋ', ಎಂದರೆ ಜೀವಂತ. ಸೋಮವನ್ನು ಹಿಂಡುವ ಕಲ್ಲಿಗೆ ವೇದದಲ್ಲಿ 'ಗ್ರಾವನ್' ಎಂದು ಹೆಸರು. ಐರಿಷ್‌ನಲ್ಲಿ 'ಬ್ರೋ' ಎಂದರೆ ಬೀಸುವ ಕಲ್ಲು. ಹೀಗೆ ಸಾಲು ಸಾಲಾಗಿ ಹೊಂದುವುದನ್ನೇ ಭಾಷಾವಿಜ್ಞಾನ ಸಂಬಂಧ ಎನ್ನುತ್ತದೆ. ಒಂದು ಪದ ಇನ್ನೊಂದರಂತೆ ಕೇಳಿಸಿದರೆ ಸಾಲದು.

ಕೇಳಿಸುವುದನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡದಲ್ಲೇ ಸೊಗಸಾದ ಉದಾಹರಣೆಯಿದೆ. ಹಳಗನ್ನಡದಲ್ಲಿ ಹೆಣ್ಣಿಗೆ 'ಪೆಣ್', ಪ್ರಾಚೀನ ಐರಿಷ್‌ನಲ್ಲಿ 'ಬೆನ್'. ಅರ್ಥ ಒಂದೇ, ಸದ್ದು ಹೆಚ್ಚುಕಡಿಮೆ ಒಂದೇ. ಇಷ್ಟು ಸಾಕು, ದ್ರಾವಿಡರು ಅಟ್ಲಾಂಟಿಕ್ ತೀರಕ್ಕೆ ಹೋಗಿದ್ದರು ಎಂದು ಒಂದು ಪುಸ್ತಕವನ್ನೇ ಬರೆಯುವ ಉತ್ಸಾಹಿಗಳು ಹುಟ್ಟಿಕೊಳ್ಳಲು! ಆದರೆ ಐರಿಷ್‌ನ ಬಕಾರ ಹುಟ್ಟಿದ್ದು ಗಕಾರದಿಂದ. ಕನ್ನಡದ ಪಕಾರ ಮೊದಲಿಂದಲೂ ಪಕಾರವೇ, ತಮಿಳಿನ 'ಪೆಣ್' ಅದಕ್ಕೆ ಸಾಕ್ಷಿ. ಕಾಲದಲ್ಲಿ ಹಿಂದೆ ಹೋದಷ್ಟೂ ಈ ಎರಡು ಪದಗಳು ಹತ್ತಿರವಾಗುವ ಬದಲು ದೂರ ಸರಿಯುತ್ತವೆ. ಇದು ಶುದ್ಧ ಆಕಸ್ಮಿಕ.

ನಿಜವಾದ ನೆಂಟರು ಕನ್ನಡಕ್ಕೆ ಬೇರೆ ಬಾಗಿಲುಗಳಿಂದ ಬಂದಿದ್ದಾರೆ. ಅರಮನೆಯ ರಾಣಿವಾಸಕ್ಕೆ ಹೇಳುವ 'ಜನಾನಾ' ಪರ್ಷಿಯನ್ನಿನ 'ಜನ್' ಪದದಿಂದ ಬಂದದ್ದು. ಊರೂರಿನ ನರ್ಸಿಂಗ್ ಹೋಂಗಳ ಬೋರ್ಡಿನಲ್ಲಿರುವ 'ಗೈನಕಾಲಜಿಸ್ಟ್' ಗ್ರೀಕಿನ 'ಗುನೇ' ಪದದ ವಂಶ. ಇಸ್ಪೀಟಿನ 'ಕ್ವೀನ್' ಮೂಲತಃ ಬರೀ ಹೆಂಗಸು, ಆಮೇಲೆ ರಾಜನ ಹೆಂಡತಿ. ಮೂರು ಮೂರು ಕಡೆಯಿಂದ ಬಂದ ಈ ಪದಗಳು ಒಂದೇ ಬೇರಿನವು ಎಂದು ನೋಡಿದರೆ ಗೊತ್ತಾಗುವುದಿಲ್ಲ. ನಾಲ್ಕನೆಯದು ಸಂಸ್ಕೃತದ ಕಡೆಯಿಂದ ಬಂದದ್ದು. ರಾಮನನ್ನು 'ಜಾನಕೀಜಾನಿ' ಎಂದು ಕರೆಯುತ್ತಾರಲ್ಲ, ಅದರ ಕೊನೆಯ 'ಜಾನಿ' ಎಂದರೆ ಅಂಥ ಹೆಂಡತಿಯುಳ್ಳವನು. ಪಾಣಿನಿ ಅದನ್ನು ಜಾಯಾ ಶಬ್ದದಿಂದ ಸಾಧಿಸುತ್ತಾನೆ. ಭಾಷೆಯ ಇತಿಹಾಸ ಬರೆಯುವವರು ಅದರಲ್ಲಿ ವೇದದ 'ಜನಿ' ಪದವನ್ನು ಕಾಣುತ್ತಾರೆ. ಜನಿ ಎಂದರೆ ಹೆಂಗಸು, ಹೆಂಡತಿ.

ಜನಿ ಎಂದೊಡನೆ ಕನ್ನಡದ ಕಿವಿಗೆ ಜನನಿ, ಜನನ, ಜನ್ಮ ಎಲ್ಲ ಒಟ್ಟಿಗೆ ಕೇಳಿಸುತ್ತವೆ. ಹೆಣ್ಣು ಹೆರುವವಳು, ಆದ್ದರಿಂದ ಜನಿ ಎಂಬ ವಿವರಣೆ ಮನಸ್ಸಿಗೆ ಒಪ್ಪುವಂತಿದೆ. ಆದರೆ ಅದು ತಪ್ಪು, ಮತ್ತು ಅದು ತಪ್ಪೆಂದು ಹೇಳುವ ಸಾಕ್ಷಿಗಳಲ್ಲಿ ಐರಿಷ್ ಒಂದು. ಮೂಲಭಾಷೆಯಲ್ಲಿ 'ಹುಟ್ಟು' ಎಂಬ ಧಾತುವಿನ ಗಕಾರ ಬೇರೆ ಬಗೆಯದು, ತುಟಿ ದುಂಡಾಗದ್ದು. ಸಂಸ್ಕೃತದಲ್ಲಿ ಎರಡೂ ಜಕಾರವಾಗಿ ಕಲೆಸಿಹೋದವು. ಐರಿಷ್‌ನಲ್ಲಿ ಒಂದು ಬಕಾರವಾಯಿತು, ಇನ್ನೊಂದು ಗಕಾರವಾಗಿಯೇ ಉಳಿಯಿತು. ಪ್ರಾಚೀನ ಐರಿಷ್‌ನಲ್ಲಿ 'ಗೆನ್' ಎಂದರೆ ಹುಟ್ಟು, 'ಬೆನ್' ಎಂದರೆ ಹೆಂಗಸು. ವೇಲ್ಸ್‌ನಲ್ಲಿ ದೊರೆತ ಒಂದು ಓಘಮ್ ಶಿಲಾಶಾಸನದಲ್ಲಿ 'ಇನಿಗೆನಾ' ಎಂಬ ಪದವಿದೆ. ಓಘಮ್ ಎಂದರೆ ಕಲ್ಲಿನ ಅಂಚಿನಲ್ಲಿ ಗೀರುಗಳಾಗಿ ಕೊರೆಯುತ್ತಿದ್ದ ಐರಿಷ್ ಲಿಪಿ. ಇನಿಗೆನಾ ಎಂದರೆ ಮಗಳು, ಈಗಿನ ಐರಿಷ್‌ನಲ್ಲಿ 'ಇನೀನ್'. ಹೀಗೆ ಐರಿಷ್‌ನಲ್ಲಿ ಮಗಳು ಜನನದ ಕುಲಕ್ಕೆ ಸೇರಿದವಳು, ಹೆಂಗಸು ಬೇರೆ ಕುಲದವಳು.

ಈಗ ಮ್ನಾ ಎಂಬ ಒಗಟಿಗೆ ಬರಬಹುದು. ಸಂಸ್ಕೃತ ಓದಿದವರಿಗೆ 'ರಾಜನ್' ಶಬ್ದ ಗೊತ್ತು. ಪ್ರಥಮೆಯಲ್ಲಿ ರಾಜಾ, ಷಷ್ಠಿಯಲ್ಲಿ ರಾಜ್ಞಃ. ಜಕಾರ ನಕಾರಗಳ ನಡುವಿದ್ದ ಸ್ವರ ಷಷ್ಠಿಯಲ್ಲಿ ಬಿದ್ದುಹೋಗಿ ಎರಡು ವ್ಯಂಜನಗಳು ಒತ್ತಾಗಿ ಕೂಡಿಕೊಂಡವು. ಮೂಲಭಾಷೆಯ 'ಗ್ವೆನ್' ಪದದಲ್ಲೂ ಇದೇ ನಡೆಯಿತು. ಷಷ್ಠಿಯಲ್ಲಿ ಪ್ರತ್ಯಯದ ಮೇಲೆ ಒತ್ತು ಬಿದ್ದಾಗ ನಡುವಿನ ಸ್ವರ ಕರಗಿತು, ಉಳಿದದ್ದು 'ಗ್ವ್ನಾ'. ಋಗ್ವೇದದಲ್ಲಿ ದೇವಪತ್ನಿಯರನ್ನು ಹೇಳಲು 'ಗ್ನಾ' ಎಂಬ ಪದವಿದೆ. ನಕಾರದ ಪಕ್ಕದಲ್ಲಿದ್ದುದರಿಂದ ಅದರ ಗಕಾರ ಜಕಾರವಾಗದೆ ಉಳಿಯಿತು. ಜನಿಯಲ್ಲಿ ಸ್ವರವಿದೆ, ಗ್ನಾದಲ್ಲಿ ಇಲ್ಲ. ಬ್ಯನ್‌ನಲ್ಲಿ ಸ್ವರವಿದೆ, ಮ್ನಾದಲ್ಲಿ ಇಲ್ಲ. ಸಂಸ್ಕೃತ ಒಂದೇ ಪದದ ಎರಡು ರೂಪಗಳನ್ನು ಎರಡು ಪದಗಳಾಗಿ ಒಡೆದು, ಕೊನೆಗೆ ಎರಡನ್ನೂ ಬದಿಗಿಟ್ಟು ಸ್ತ್ರೀ, ನಾರೀ, ಮಹಿಲಾಗಳನ್ನು ಹಿಡಿಯಿತು. ಐರಿಷ್ ಆ ಎರಡನ್ನೂ ಒಂದೇ ಪದದ ವಿಭಕ್ತಿಗಳಾಗಿ ಇಂದಿಗೂ ಬಳಸುತ್ತಿದೆ.

ಗಕಾರ ಬಕಾರವಾದ ಮೇಲೆ ಬರಬೇಕಾದದ್ದು 'ಬ್ನಾ'. ಮಕಾರ ಎಲ್ಲಿಂದ ಬಂತು? ಕನ್ನಡ ಶಾಲೆಯ ವ್ಯಾಕರಣದಲ್ಲಿ ಅನುನಾಸಿಕ ಸಂಧಿ ಎಂಬ ಪಾಠವಿದೆ: ವಾಕ್ ಮತ್ತು ಮಯ ಸೇರಿ ವಾಙ್ಮಯ, ಅಪ್ ಮತ್ತು ಮಯ ಸೇರಿ ಅಮ್ಮಯ. ಮುಂದೆ ಮೂಗಿನ ವ್ಯಂಜನ ಬಂದರೆ ಹಿಂದಿನದೂ ಮೂಗಿನದಾಗುತ್ತದೆ. ಐರಿಷ್‌ನಲ್ಲಿ ನಕಾರದ ಸಹವಾಸದಿಂದ ಬಕಾರ ಮಕಾರವಾಯಿತು. ಇದು ಬರೀ ತರ್ಕವಲ್ಲ, ಸಾಕ್ಷ್ಯವೂ ಇದೆ. 1983ರಲ್ಲಿ ದಕ್ಷಿಣ ಫ್ರಾನ್ಸಿನ ಲಾರ್ಜಾಕ್‌ನಲ್ಲಿ ಒಬ್ಬ ಹೆಂಗಸಿನ ಸಮಾಧಿಯಿಂದ ಸೀಸದ ಫಲಕವೊಂದು ಹೊರಬಂತು. ಸುಮಾರು ಕ್ರಿ.ಶ. 100ರ ಕಾಲದ್ದು, ಬರಹ ಗಾಲಿಷ್ ಭಾಷೆಯಲ್ಲಿ. ಗಾಲಿಷ್ ಎಂದರೆ ಐರಿಷ್‌ಗೆ ಚಿಕ್ಕಮ್ಮನ ವರಸೆಯ, ಎಂದೋ ಸತ್ತುಹೋದ ಕೆಲ್ಟಿಕ್ ಭಾಷೆ. ಮಾಟಮಂತ್ರದ ಆ ಬರಹದ ಆರಂಭದಲ್ಲೇ 'ಬ್ನನೋಮ್ ಬ್ರಿಕ್ತೋಮ್' ಎಂಬ ಮಾತಿದೆ, ಹೆಂಗಸರ ಮಂತ್ರ ಎಂದರ್ಥ. ಅಲ್ಲಿ ಬಕಾರ ಇನ್ನೂ ಮಕಾರವಾಗಿಲ್ಲ. ಸಂತ ಪ್ಯಾಟ್ರಿಕ್‌ನ ಹೆಸರಿನಲ್ಲಿ ಪ್ರಚಲಿತವಾಗಿರುವ ಪ್ರಾಚೀನ ಐರಿಷ್ ರಕ್ಷಾಸ್ತೋತ್ರವೊಂದು ಹೆಂಗಸರ, ಕಮ್ಮಾರರ ಮತ್ತು ಡ್ರೂಯಿಡ್ ಪುರೋಹಿತರ ಮಂತ್ರಗಳಿಂದ ಕಾಪಾಡು ಎಂದು ಬೇಡುತ್ತದೆ. ಅಲ್ಲಿ 'ಹೆಂಗಸರ ಮಂತ್ರ' ಎನ್ನಲು ಬಳಸಿರುವುದು ಲಾರ್ಜಾಕ್ ಫಲಕದ ಅದೇ ಎರಡು ಪದಗಳ ಐರಿಷ್ ರೂಪ. ಫಲಕ ಬರೆದವರಿಗೂ ಸ್ತೋತ್ರ ಕಟ್ಟಿದವರಿಗೂ ಹೆಂಗಸರ ವಿಷಯದಲ್ಲಿ ಇದ್ದ ಭಯ ಒಂದೇ!

ಪದದ ಒಡಲು ಬದಲಾಗುವುದು ಒಂದು ಬಗೆಯಾದರೆ, ಐರಿಷ್‌ನಲ್ಲಿ ಪದದ ತಲೆಯೂ ಬದಲಾಗುತ್ತದೆ. ಹೊಸದಾಗಿ ಕಲಿಯುವವರನ್ನು ಹೆಚ್ಚು ಕಾಡುವುದು ಇದೇ. 'ಆ ಹೆಂಗಸು' ಎಂದು ನಿರ್ದಿಷ್ಟವಾಗಿ ಹೇಳಬೇಕಾದರೆ 'ಅನ್' ಎಂಬ ಪದ ಮುಂದೆ ಬರುತ್ತದೆ. ಆಗ ಬ್ಯನ್ ಮೆತ್ತಗಾಗಿ 'ವ್ಯನ್' ಆಗುತ್ತದೆ: ಅನ್ ವ್ಯನ್. 'ಆ ಹೆಂಗಸಿನ' ಎನ್ನಲು 'ನ ಮ್ನಾ'. 'ಆ ಹೆಂಗಸರ' ಎನ್ನಲು ಬನ್ ಪದದ ಬಕಾರವನ್ನು ಮಕಾರ ನುಂಗಿಬಿಡುತ್ತದೆ, ಬಾಯಲ್ಲಿ ಕೇಳಿಸುವುದು 'ನ ಮನ್'. ಸ್ಲೀವ್‌ನಮನ್ ಬೆಟ್ಟದ ಹೆಸರಿನಲ್ಲಿರುವುದು ಈ ಷಷ್ಠೀ ಬಹುವಚನವೇ. 1914ರ ಏಪ್ರಿಲ್ 2ರಂದು ಡಬ್ಲಿನ್‌ನ ವಿನ್ಸ್ ಹೋಟೆಲಿನಲ್ಲಿ ಹುಟ್ಟಿದ, ಐರ್ಲೆಂಡಿನ ಸ್ವಾತಂತ್ರ್ಯ ಹೋರಾಟದಲ್ಲಿ ಪಾಲ್ಗೊಂಡ ಮಹಿಳಾ ಸಂಘಟನೆಯ ಹೆಸರು 'ಕುಮನ್ ನ ಮನ್', ಎಂದರೆ ಹೆಂಗಸರ ಸಂಘ. ಬರೆಯುವಾಗ ಮಾತ್ರ ಐರಿಷ್ ಮೂಲ ಅಕ್ಷರವನ್ನು ಬಿಟ್ಟುಕೊಡುವುದಿಲ್ಲ. ನುಡಿಯುವ ಮಕಾರವನ್ನು ಮುಂದಿಟ್ಟು, ನುಡಿಯದ ಬಕಾರವನ್ನು ಪಕ್ಕದಲ್ಲೇ ಉಳಿಸಿಕೊಳ್ಳುತ್ತದೆ. ಆದ್ದರಿಂದಲೇ ಆ ಹೆಸರಿನಲ್ಲಿ ಸಣ್ಣ ಎಂ ಆದ ಮೇಲೆ ದೊಡ್ಡ ಬಿ ಬರುವ ವಿಚಿತ್ರ ಬರವಣಿಗೆ.

ವಿಚಿತ್ರ ಎಂದದ್ದು ಇಂಗ್ಲಿಷಿನ ಕಡೆಯಿಂದ ನೋಡಿದಾಗ. ಕನ್ನಡಿಗರಿಗೆ ಇದು ಆದೇಶ ಸಂಧಿಯ ಪಕ್ಕದ ಮನೆ. ಮಳೆ ಮತ್ತು ಕಾಲ ಸೇರಿ ಮಳೆಗಾಲ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ, ಹೂ ಮತ್ತು ಪುಟ್ಟಿ ಸೇರಿ ಹೂಬುಟ್ಟಿ. ಕ, ತ, ಪಗಳಿಗೆ ಗ, ದ, ಬಗಳು ಆದೇಶ. ಐರಿಷ್‌ನಲ್ಲೂ ಬೆಕ್ಕು 'ಕತ್', ಅವರ ಬೆಕ್ಕು 'ಅ ಗತ್'. ಮಗು 'ಪಾಶ್ಟೆ', ಅವರ ಮಗು 'ಅ ಬಾಶ್ಟೆ'. ವ್ಯತ್ಯಾಸವೆಂದರೆ, ಕನ್ನಡದಲ್ಲಿ ಎರಡು ಪದ ಸೇರಿ ಒಂದಾದಾಗ ಈ ಬದಲಾವಣೆ ಆಗುತ್ತದೆ. ಐರಿಷ್‌ನಲ್ಲಿ ಪದಗಳು ಬೇರೆ ಬೇರೆಯಾಗಿಯೇ ಉಳಿದಿರುತ್ತವೆ, ಸಂಧಿಯ ಫಲ ಮಾತ್ರ ಕಾಣುತ್ತದೆ. ಕಾರಣವನ್ನು ಮೊದಲು ಸ್ಪಷ್ಟವಾಗಿ ತೋರಿಸಿದವನು ಜರ್ಮನಿಯ ಸಂಸ್ಕೃತ ವಿದ್ವಾಂಸ ಫ್ರಾಂಜ್ ಬಾಪ್, 1838ರಲ್ಲಿ. ಇಂದಿನ 'ಅನ್' ಪದ ಹಿಂದೆ ಸ್ತ್ರೀಲಿಂಗದಲ್ಲಿ 'ಸಿಂದಾ' ಎಂಬಂತೆ ಸ್ವರದಲ್ಲಿ ಕೊನೆಯಾಗುತ್ತಿತ್ತು. ಎರಡು ಸ್ವರಗಳ ನಡುವೆ ಸಿಕ್ಕ ಬಕಾರ ವಕಾರವಾಯಿತು. ಷಷ್ಠೀ ಬಹುವಚನದಲ್ಲಿ ಆ ಪದದ ಕೊನೆಗೆ ಮೂಗಿನ ಧ್ವನಿಯಿತ್ತು, ಅದು ಮುಂದಿನ ಬಕಾರವನ್ನು ಮಕಾರ ಮಾಡಿತು. ಆಮೇಲೆ ಆ ಕೊನೆಗಳು ಸವೆದುಹೋದವು, ಅವು ಮಾಡಿದ ಕೆಲಸ ಉಳಿಯಿತು. ಸಂಧಿಯನ್ನು ಉಸಿರಿನಷ್ಟೇ ಸಹಜವಾಗಿ ಕಾಣುವ ಸಂಸ್ಕೃತವನ್ನು ಅರೆದು ಕುಡಿದವನಿಗೇ ಇದು ಹೊಳೆದದ್ದು ಆಕಸ್ಮಿಕವಿರಲಾರದು.

ಐರಿಷ್‌ನಲ್ಲಿ ಹೆಂಡತಿಗೆ ಬೇರೆ ಪದ ಬೇಕೇಬೇಕೆಂದಿಲ್ಲ. 'ನನ್ನ ಹೆಂಗಸು' ಎಂದರೆ ಸಾಕು. ಬಿಡಿಸಿ ಹೇಳುವವರು 'ಬ್ಯನ್ ಖೇಲೆ' ಎನ್ನುತ್ತಾರೆ, ಜೊತೆಗಾತಿ ಎಂದಹಾಗೆ. 'ಬ್ಯನ್ ಅನ್ ಟೀ' ಎಂದರೆ ಮನೆಯೊಡತಿ. ಬೇಸಿಗೆಯಲ್ಲಿ ಭಾಷೆ ಕಲಿಯಲು ಐರಿಷ್ ಮಾತಾಡುವ ಊರುಗಳಿಗೆ ಹೋಗುವ ಶಾಲಾಮಕ್ಕಳಿಗೆ ಉಣ್ಣಲು ಇಕ್ಕಿ, ಇಂಗ್ಲಿಷ್ ಮಾತಾಡಿದರೆ ಗದರುವವಳು ಇವಳೇ. ಸೂಲಗಿತ್ತಿ 'ಮೊಣಕಾಲಿನ ಹೆಂಗಸು'. ಸತ್ತ ಮನೆಯಲ್ಲಿ ಹಾಡಿ ಹಾಡಿ ಅಳುವವಳು 'ಗೋಳಿನ ಹೆಂಗಸು'. ಮದುವೆಯಾದವಳ ಹೆಸರಿನಲ್ಲೂ ಬ್ಯನ್ ಕೂರುತ್ತದೆ. ಓ ಬ್ರಿಯೆನ್ ಮನೆತನಕ್ಕೆ ಸೊಸೆಯಾಗಿ ಬಂದವಳು 'ಬ್ಯನ್ ಈ ವ್ರಿಯೆನ್', ಆ ಮನೆಯಲ್ಲೇ ಹುಟ್ಟಿದ ಮಗಳು 'ನೀ ವ್ರಿಯೆನ್'. ಮಗಳೋ ಸೊಸೆಯೋ ಎಂಬುದು ಮನೆತನದ ಹೆಸರು ಕೇಳಿದೊಡನೆ ತಿಳಿಯುತ್ತದೆ.

ಇಡೀ ಲೋಕಕ್ಕೆ ಪರಿಚಯವಾದ ಜೋಡಿಪದ ಮಾತ್ರ 'ಬ್ಯನ್ ಶೀ', ಇಂಗ್ಲಿಷಿನ ಬಾಯಲ್ಲಿ ಬ್ಯಾನ್‌ಶೀ. 'ಶೀ' ಎಂದರೆ ಯಕ್ಷಗಣ ವಾಸಿಸುವ ದಿಬ್ಬ. ಕೂರು, ನೆಲೆಸು ಎಂಬ ಅರ್ಥದ ಮೂಲದಿಂದ ಬಂದ ಪದ ಅದು, ಸಂಸ್ಕೃತದ 'ಸದನ' ಅದರ ಬಂಧು. ಹೆಸರಿಗೆ 'ಓ', 'ಮಾಕ್' ಸೇರಿಸಿಕೊಳ್ಳುವ ಹಳೆಯ ಮನೆತನಗಳಲ್ಲಿ ಸಾವು ಸಮೀಪಿಸಿದಾಗ ರಾತ್ರಿ ಅಳುವವಳು ಅವಳು. ಸಿನಿಮಾಗಳು ಅವಳನ್ನು ಕೊಲ್ಲುವ ಪಿಶಾಚಿ ಮಾಡಿವೆ. ಜನಪದ ಕಥೆಗಳ ಬ್ಯನ್ ಶೀ ಯಾರನ್ನೂ ಕೊಲ್ಲುವುದಿಲ್ಲ. ಅವಳು ಆ ಕುಲದವಳೇ, ತನ್ನವರಿಗಾಗಿ ಅಳುತ್ತಾಳೆ.

ಲಿಂಗದ ವಿಚಾರದಲ್ಲಿ ಬ್ಯನ್ ಯಾವ ತಕರಾರೂ ಎತ್ತುವುದಿಲ್ಲ, ಅದು ಸ್ತ್ರೀಲಿಂಗ. ತಕರಾರು 'ಕಾಲೀನ್' ಪದದ್ದು. ಹುಡುಗಿ ಎಂಬ ಅರ್ಥದ ಈ ಪದ ವ್ಯಾಕರಣದಲ್ಲಿ ಪುಲ್ಲಿಂಗ, ಏಕೆಂದರೆ ಅದರ ಕೊನೆಯ 'ಈನ್' ಎಂಬ ಕಿರಿದರ್ಥದ ಪ್ರತ್ಯಯ ಪುಲ್ಲಿಂಗ. ಗಂಡುಕುದುರೆ ಎಂಬ ಅರ್ಥದ 'ಸ್ಟಲ್' ಸ್ತ್ರೀಲಿಂಗ! ಅರ್ಥ ನೋಡಿ ಲಿಂಗ ಹೇಳುವ ಕನ್ನಡಿಗರಿಗೆ ಇದು ತಮಾಷೆ ಎನಿಸಬಹುದು. ಹೆಂಡತಿ ಎಂಬ ಅರ್ಥದ 'ದಾರಾ' ಶಬ್ದವನ್ನು ಪುಲ್ಲಿಂಗ ಬಹುವಚನದಲ್ಲೂ 'ಕಲತ್ರ'ವನ್ನು ನಪುಂಸಕಲಿಂಗದಲ್ಲೂ ಉರುಹೊಡೆದ ಸಂಸ್ಕೃತ ವಿದ್ಯಾರ್ಥಿಗಳು ನಗಲಾರರು.

2022ರ ಜನಗಣತಿಯಲ್ಲಿ ಐರ್ಲೆಂಡ್ ಗಣರಾಜ್ಯದ ಸುಮಾರು 18.7 ಲಕ್ಷ ಜನ ತಮಗೆ ಐರಿಷ್ ಬರುತ್ತದೆ ಎಂದರು. ಶಾಲೆಯ ಹೊರಗೆ ದಿನವೂ ಮಾತಾಡುವವರು ಮಾತ್ರ ಸುಮಾರು 72 ಸಾವಿರ. ಅವರೊಳಗೂ ಪಶ್ಚಿಮದ ಕಾನಕ್ಟ್ ಮತ್ತು ಉತ್ತರದ ಅಲ್ಸ್ಟರ್ ಕಡೆಯವರು ಮ್ನಾ ಎನ್ನದೆ 'ಮ್ರಾ' ಎನ್ನುತ್ತಾರೆ. ನಡುಗಡ್ಡೆ ಮ್ಯಾನ್‌ನ ಮ್ಯಾಂಕ್ಸ್ ಭಾಷೆ ಈ ರಕಾರವನ್ನು ಬರವಣಿಗೆಗೂ ತಂದುಕೊಂಡಿದೆ. ಉಳಿದವರಿಗೆ ಐರಿಷ್ ಎಂದರೆ ಶಾಲೆಯ ನೆನಪು, ಆದರೂ ಕೆಲವು ಮಾತುಗಳು ಎಲ್ಲರ ಬಾಯಲ್ಲೂ ಇವೆ. 1990ರಲ್ಲಿ ಮೇರಿ ರಾಬಿನ್ಸನ್ ದೇಶದ ಮೊದಲ ಮಹಿಳಾ ಅಧ್ಯಕ್ಷೆಯಾಗಿ ಗೆದ್ದಾಗ ಇಂಗ್ಲಿಷ್ ಭಾಷಣದ ನಡುವೆ 'ಮ್ನಾ ನ ಹೇರನ್'ರನ್ನು, ಎಂದರೆ ಐರ್ಲೆಂಡಿನ ಹೆಂಗಸರನ್ನು, ವಿಶೇಷವಾಗಿ ನೆನೆದರು. ಯಾರಿಗೂ ಅನುವಾದ ಬೇಕಾಗಲಿಲ್ಲ. ಅದೇ ಹೆಸರಿನ 18ನೇ ಶತಮಾನದ ಕವಿತೆಯೊಂದಕ್ಕೆ ಶಾನ್ ಓ ರಿಯಾಡ ಕಟ್ಟಿದ ರಾಗ 1975ರಲ್ಲೇ ಸ್ಟಾನ್ಲಿ ಕುಬ್ರಿಕ್‌ನ 'ಬ್ಯಾರಿ ಲಿಂಡನ್' ಚಿತ್ರದ ಮೂಲಕ ಹೊರಲೋಕದ ಕಿವಿಗೂ ಬಿದ್ದಿತ್ತು.

ಬನ್ ಎಂಬ ರೂಪ ಪೂರ್ವಪದವಾಗಿಯೂ ದುಡಿಯುತ್ತದೆ. 'ದಿಯಾ' ದೇವರು, 'ಬನ್‌ದಿಯಾ' ದೇವತೆ. 'ರೀನ್' ಎಂದರೇ ರಾಣಿ, ಆದರೂ ಬಳಕೆಯಲ್ಲಿರುವುದು 'ಬನ್‌ರೀನ್', ಹೆಣ್ಣುರಾಣಿ! ಹೀಗೆಯೇ ಐರಿಷ್ ಪೊಲೀಸ್ ದಳವಾದ ಗಾರ್ಡಾಕ್ಕೆ 1959ರಲ್ಲಿ ಹೆಂಗಸರು ಸೇರತೊಡಗಿದಾಗ ಅವರನ್ನು 'ಬನ್‌ಗಾರ್ಡಾ' ಎಂದು ಕರೆದರು. ಇಂಗ್ಲಿಷ್ ಪತ್ರಿಕೆಗಳೂ ಆ ಪದವನ್ನು ಹಾಗೇ ಬಳಸಿದವು. 1990ರಲ್ಲಿ ಇಲಾಖೆ ಆ ಬನ್ ಅನ್ನು ತೆಗೆದುಹಾಕಿತು. ಈಗ ಹೆಂಗಸಾದರೂ ಗಂಡಸಾದರೂ ಬರೀ ಗಾರ್ಡಾ. ಆಸ್ಪತ್ರೆಯ ನರ್ಸಿಗೆ ಹಿಂದಿನಿಂದ ಇದ್ದ 'ಬನ್ಅಲ್ಟ್ರಾ' ಪದದ ಜೊತೆಗೆ ಬರೀ 'ಅಲ್ಟ್ರಾ' ಎಂಬುದೂ ಬಳಕೆಯಲ್ಲಿದೆ. ಬನ್‌ರೀನ್ ತಂಟೆಗೆ ಮಾತ್ರ ಯಾರೂ ಹೋಗಿಲ್ಲ.